ವಿಂಡೋಸ್ ಜೊತೆ ಉಬುಂಟು ಇರುವ ಲ್ಯಾಪ್‌ಟಾಪ್: ಡೇಟಾ ಕಳೆದುಕೊಳ್ಳದೆ ಪಾರ್ಟಿಷನ್ ಅಳತೆ ಬದಲಿಸುವುದು

ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಹಾಕುವ ದಿನ ಅದರ ಪಾರ್ಟಿಷನ್ನಿಗೆ (ಡಿಸ್ಕಿನ ಒಂದು ತುಂಡಿಗೆ) 40 ಜಿಬಿ ಧಾರಾಳ ಅನ್ನಿಸಿರುತ್ತದೆ. ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್ ಎಂಬ ಆ್ಯಪ್ ಪ್ಯಾಕೇಜುಗಳು, ಡೌನ್‌ಲೋಡ್ ಫೋಲ್ಡರ್ ಎಲ್ಲ ಸೇರಿ ಅದು ತುಂಬಿ ನಿಂತಾಗ, ಅತ್ತ ಸಿ ಡ್ರೈವ್‌ನಲ್ಲಿ ಇನ್ನೂರು ಜಿಬಿ ಖಾಲಿ ಬಿದ್ದಿರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಹಳೆಯ ಯಂತ್ರದಲ್ಲಿ ಲಿನಕ್ಸನ್ನೂ ಸೇರಿಸಿಕೊಂಡವರು ಬೇಗನೆ ಬಂದು ನಿಲ್ಲುವುದು ಇಲ್ಲಿಯೇ. ಅಲ್ಲಿಂದ ಕಿತ್ತು ಇಲ್ಲಿಗೆ ಕೊಡುವುದು ಸಾಧ್ಯ. ಆದರೆ ಯಾವ ಕ್ರಮದಲ್ಲಿ, ಯಾವ ಕಡೆಯಿಂದ ಕೊಡುತ್ತೀರಿ ಎಂಬುದರ ಮೇಲೆ ಅದು ಹತ್ತು ನಿಮಿಷದ ಕೆಲಸವೋ ಇಡೀ ರಾತ್ರಿಯ ಆತಂಕವೋ ಎಂಬುದು ನಿಂತಿದೆ.

ಅದಕ್ಕೂ ಮೊದಲು ಒಂದು ಪರೀಕ್ಷೆ. ಉಬುಂಟುವಿನ ಡಿಸ್ಕ್ ಯೂಸೇಜ್ ಅನಲೈಸರ್ ತೆರೆದು ಜಾಗ ಎಲ್ಲಿ ಹೋಗಿದೆ ನೋಡಿ. ಕಸದ ಬುಟ್ಟಿ, ಮರೆತುಹೋದ ಐಎಸ್‌ಒ ಫೈಲುಗಳು, ಎಪಿಟಿ ಕ್ಯಾಷ್, ಸ್ನ್ಯಾಪ್‌ಗಳ ಹಳೆಯ ಆವೃತ್ತಿಗಳು ಇವನ್ನು ತೆಗೆದರೆ ಹತ್ತು ಜಿಬಿ ಸಿಕ್ಕಿ ಸಮಸ್ಯೆ ಮುಗಿಯುವುದಾದರೆ ಪಾರ್ಟಿಷನ್ ಮುಟ್ಟುವ ಅಗತ್ಯವೇ ಇಲ್ಲ.

ಡಿಸ್ಕಿನ ನಕ್ಷೆ

ಕೆಳಗಿನ ವಿವರಣೆಗೆ 512 ಜಿಬಿ ಎಸ್‌ಎಸ್‌ಡಿ ಇರುವ ಸಾಮಾನ್ಯ ಲ್ಯಾಪ್‌ಟಾಪ್ ಅಂದುಕೊಳ್ಳೋಣ. ವಿಂಡೋಸ್ ಅದನ್ನು 476 ಜಿಬಿ ಎಂದು ತೋರಿಸುತ್ತದೆ. ಯಾರೂ ಮೋಸ ಮಾಡಿಲ್ಲ: ತಯಾರಕರು ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಲಿನಕ್ಸ್‌ನಲ್ಲಿ ಪಾರ್ಟಿಷನ್ ಬದಲಿಸುವ ಪ್ರೋಗ್ರಾಂ ಜಿಪಾರ್ಟೆಡ್ ಕೂಡ 1024ರ ಲೆಕ್ಕದ್ದೇ, ಹಾಗಾಗಿ ಈ ಎರಡರ ಅಂಕಿಗಳು ತಾಳೆಯಾಗುತ್ತವೆ. ಉಬುಂಟುವಿನ ಡಿಸ್ಕ್ಸ್ ಆ್ಯಪ್ ಮಾತ್ರ ತಯಾರಕರ ಲೆಕ್ಕ ಹಿಡಿಯುತ್ತದೆ. ಎರಡನ್ನೂ ಬೆರೆಸಿ ಕೂಡಿ ಕಳೆಯಬೇಡಿ.

ಡಿಸ್ಕಿನ ಮೇಲೆ ಎಡದಿಂದ ಬಲಕ್ಕೆ ಸಾಮಾನ್ಯವಾಗಿ ಹೀಗಿರುತ್ತದೆ: 100 ಎಂಬಿ ಇಎಫ್‌ಐ ಪಾರ್ಟಿಷನ್ (ಕೆಲವು ಕಂಪನಿಗಳ ಯಂತ್ರಗಳಲ್ಲಿ 260 ಎಂಬಿ), ಮೈಕ್ರೋಸಾಫ್ಟ್ ಕಾಯ್ದಿರಿಸಿದ 16 ಎಂಬಿ, 435 ಜಿಬಿ ಆಸುಪಾಸಿನ ಸಿ ಡ್ರೈವ್, ಮುಕ್ಕಾಲು ಜಿಬಿಯಷ್ಟು ರಿಕವರಿ ಪಾರ್ಟಿಷನ್, ಕೊನೆಗೆ 40 ಜಿಬಿಯ ಉಬುಂಟು. ಆ 16 ಎಂಬಿ ತುಂಡನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೋರಿಸುವುದಿಲ್ಲ, ಲಿನಕ್ಸ್ ತೋರಿಸುತ್ತದೆ. ಇದೇನೋ ಬೇಡದ ತುಂಡು ಎಂದು ಅಳಿಸಬೇಡಿ. ಇಎಫ್‌ಐ ಪಾರ್ಟಿಷನ್ನಿನಲ್ಲಿ ವಿಂಡೋಸಿನದೂ ಉಬುಂಟುವಿನದೂ ಎರಡೂ ಬೂಟ್ ಲೋಡರ್‌ಗಳು (ಯಂತ್ರ ಆನ್ ಆದಾಗ ವ್ಯವಸ್ಥೆಯನ್ನು ತೆರೆಯುವ ಪ್ರೋಗ್ರಾಂಗಳು) ಕೂತಿರುತ್ತವೆ, ಅದನ್ನು ಫಾರ್ಮ್ಯಾಟ್ ಮಾಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ.

ನಿಮ್ಮ ಯಂತ್ರದ ನಕ್ಷೆಯನ್ನು ಕಾಗದದ ಮೇಲೆ ಬರೆದಿಡಿ: ಕ್ರಮ, ಅಳತೆ, ಎಷ್ಟು ತುಂಬಿದೆ, ಯಾವ ಫೈಲ್ ಸಿಸ್ಟಂ (ಫೈಲುಗಳನ್ನು ಜೋಡಿಸಿಡುವ ಪದ್ಧತಿ: ವಿಂಡೋಸಿನದು ಎನ್‌ಟಿಎಫ್‌ಎಸ್, ಉಬುಂಟುವಿನದು ಇಎಕ್ಸ್‌ಟಿ4). ಫೋನಿನಲ್ಲಿ ಒಂದು ಫೋಟೊ ತೆಗೆದರೂ ಆದೀತು. ಆ ಫೋಟೊ ಇದೇ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರಬಾರದು, ಅಷ್ಟೇ.

ಬಲ ಅಂಚು ಅಗ್ಗ, ಎಡ ಅಂಚು ದುಬಾರಿ

ಫೈಲ್ ಸಿಸ್ಟಂ ತನ್ನೊಳಗಿನ ಪ್ರತಿ ಬ್ಲಾಕಿನ ವಿಳಾಸವನ್ನು ಪಾರ್ಟಿಷನ್ ಶುರುವಾಗುವ ಜಾಗದಿಂದ ಎಣಿಸುತ್ತದೆ. ಬಲ ಅಂಚನ್ನು ಹಿಗ್ಗಿಸಿದರೆ ಹಳೆಯ ವಿಳಾಸಗಳು ಹಾಗೇ ಉಳಿಯುತ್ತವೆ, ಕೊನೆಗೆ ಒಂದಿಷ್ಟು ಹೊಸ ಬ್ಲಾಕ್‌ಗಳು ಸೇರುತ್ತವೆ. ಕ್ಷಣಗಳಲ್ಲಿ ಮುಗಿಯುವ ಕೆಲಸ. ಕುಗ್ಗಿಸುವಾಗ ಬಲತುದಿಯಲ್ಲಿದ್ದ ಡೇಟಾವನ್ನಷ್ಟೇ ಒಳಕ್ಕೆ ತಂದರೆ ಸಾಕು. ಎಡ ಅಂಚು ಸರಿದರೆ ಎಣಿಕೆಯ ಸೊನ್ನೆಯೇ ಸರಿಯುತ್ತದೆ, ಆಗ ಒಳಗಿರುವ ಡೇಟಾವನ್ನೆಲ್ಲ ಹೊಸ ಜಾಗಕ್ಕೆ ನಕಲು ಮಾಡಬೇಕು. ಬೇಲಿ ಸರಿಸುವುದಕ್ಕೂ ಮನೆಯನ್ನೇ ಎತ್ತಿ ಪಕ್ಕಕ್ಕೆ ಇಡುವುದಕ್ಕೂ ಇರುವ ಅಂತರ ಅದು. ಆ ನಕಲಿನ ನಡುವೆ ಕರೆಂಟ್ ಹೋದರೆ ಅರ್ಧ ಹಳೆಯ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ ಉಳಿದ ಪಾರ್ಟಿಷನ್ ಕೈಗೆ ಸಿಗುತ್ತದೆ. ಬಿಟ್ಟಲ್ಲಿಂದ ಮುಂದುವರಿಸುವ ಸೌಲಭ್ಯ ಜಿಪಾರ್ಟೆಡ್‌ನಲ್ಲಿಲ್ಲ.

ನಮ್ಮ ನಕ್ಷೆಯಲ್ಲಿ ಸಿ ಡ್ರೈವ್ ಕುಗ್ಗಿಸಿದರೆ ಖಾಲಿ ಜಾಗ ಸಿ ಡ್ರೈವ್ ಮತ್ತು ರಿಕವರಿಯ ನಡುವೆ ಬರುತ್ತದೆ. ಅದು ಉಬುಂಟುವಿಗೆ ತಾಗಿಲ್ಲ. ಅಲ್ಲಿಗೆ ಮುಟ್ಟಿಸಬೇಕಾದರೆ ರಿಕವರಿಯನ್ನು ಎಡಕ್ಕೆ ಸರಿಸಬೇಕು, ಆಮೇಲೆ ಉಬುಂಟುವಿನ ಎಡ ಅಂಚನ್ನೂ ಸರಿಸಬೇಕು. ಹೆಚ್ಚಿನ ಮಾರ್ಗದರ್ಶಿಗಳು ಹೇಳುವುದು ಇದನ್ನೇ. ಇದಕ್ಕಿಂತ ಸುಲಭದ ದಾರಿ ಇದೆ: ಆ ಖಾಲಿ ಜಾಗದಲ್ಲೇ ಹೊಸ ಪಾರ್ಟಿಷನ್ ಮಾಡಿ ಅದನ್ನು ಉಬುಂಟುವಿನ ಹೋಮ್ (ಬಳಕೆದಾರರ ಫೈಲುಗಳಿರುವ ಫೋಲ್ಡರ್) ಆಗಿ ಜೋಡಿಸುವುದು. ಒಂದೇ ಒಂದು ಎಡ ಅಂಚೂ ಕದಲುವುದಿಲ್ಲ. ಹೋಮ್ ಫೋಲ್ಡರಿನಿಂದಲೇ ಜಾಗ ತುಂಬಿರುವವರಿಗೆ ಈ ದಾರಿ ಸಾಕು, ಈ ಲೇಖನ ಹೆಚ್ಚು ಹೇಳುವುದೂ ಇದನ್ನೇ. ರೂಟ್, ಅಂದರೆ ಉಬುಂಟು ವ್ಯವಸ್ಥೆ ಕೂತಿರುವ ಪಾರ್ಟಿಷನ್ನೇ ದೊಡ್ಡದಾಗಬೇಕಾದವರ ದಾರಿ ಮುಂದೆ ಬರುತ್ತದೆ.

ವಿಂಡೋಸ್‌ನಲ್ಲಿ ಮೊದಲು ಮುಗಿಸಬೇಕಾದ್ದು

ಬಿಟ್‌ಲಾಕರ್, ಅಂದರೆ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಂಡೋಸ್ ಸೌಲಭ್ಯ. ವಿಂಡೋಸ್ 11 ಇರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ಡಿವೈಸ್ ಎನ್‌ಕ್ರಿಪ್ಷನ್ ಸದ್ದಿಲ್ಲದೆ ಆನ್ ಆಗಿರುತ್ತದೆ. ಸೆಟ್ಟಿಂಗ್ಸ್‌ನ ಪ್ರೈವಸಿ ಅಂಡ್ ಸೆಕ್ಯುರಿಟಿ ವಿಭಾಗದಲ್ಲಿ ನೋಡಿ. ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ತೆಗೆದು ಕಾಗದದ ಮೇಲೆ ಬರೆದಿಟ್ಟ ಮೇಲೆಯೇ ಮುಂದಿನ ಹೆಜ್ಜೆ. ಬೂಟ್ ಸೆಟ್ಟಿಂಗ್ ಬದಲಾದದ್ದನ್ನು ಟಿಪಿಎಂ ಎಂಬ ಭದ್ರತಾ ಚಿಪ್ ಗಮನಿಸಿದರೆ ವಿಂಡೋಸ್ ಆ ಕೀ ಕೇಳುತ್ತದೆ. ಇಲ್ಲದಿದ್ದರೆ ಡೇಟಾ ಎದುರಿಗೇ ಇದ್ದರೂ ನಿಮ್ಮದಲ್ಲ. ಬಿಟ್‌ಲಾಕರ್ ಆನ್ ಇರುವಾಗಲೇ ವಿಂಡೋಸ್ ಸಿ ಡ್ರೈವನ್ನು ಕುಗ್ಗಿಸಬಲ್ಲದು, ಜಿಪಾರ್ಟೆಡ್‌ಗೆ ಅದು ಆಗದು. ಆದರೆ ಮುಂದೆ ಬ್ಯಾಕಪ್‌ಗೆ ಬಳಸುವ ಕ್ಲೋನ್‌ಜಿಲ್ಲಾಗೆ ಲಾಕ್ ಆದ ಪಾರ್ಟಿಷನ್ನಿನಲ್ಲಿ ಯಾವ ಬ್ಲಾಕ್ ಖಾಲಿ, ಯಾವುದು ತುಂಬಿದ್ದು ಎಂದು ತಿಳಿಯುವುದಿಲ್ಲ. ಹಾಗಾಗಿ 190 ಜಿಬಿ ತುಂಬಿದ್ದರೂ 435 ಜಿಬಿ ಪೂರ್ತಿ ಪ್ರತಿ ಮಾಡುತ್ತದೆ, ಎನ್‌ಕ್ರಿಪ್ಟ್ ಆದ ಡೇಟಾ ಕುಗ್ಗುವುದೂ ಇಲ್ಲ. ದೊಡ್ಡ ಬಾಹ್ಯ ಡಿಸ್ಕ್ ಇಲ್ಲದವರು ಎನ್‌ಕ್ರಿಪ್ಷನ್ ಆಫ್ ಮಾಡಿ, ಅದು ಪೂರ್ತಿ ಬಿಚ್ಚುವವರೆಗೆ ಕಾದು, ಎಲ್ಲ ಮುಗಿದ ಮೇಲೆ ಮತ್ತೆ ಆನ್ ಮಾಡುವುದು ಒಳ್ಳೆಯದು.

ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ಶಟ್‌ಡೌನ್ ಎಂಬುದು ಅರ್ಧ ಹೈಬರ್ನೇಷನ್; ಎನ್‌ಟಿಎಫ್‌ಎಸ್ ತೆರೆದ ಸ್ಥಿತಿಯಲ್ಲೇ ಉಳಿದಿರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸಿನ ಸಾಧನಗಳು ಕೆಲಸ ಮಾಡಲು ಒಪ್ಪುವುದಿಲ್ಲ, ಬಲವಂತ ಮಾಡಿದರೆ ಡೇಟಾ ಕೆಡುತ್ತದೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಚೂಸ್ ವಾಟ್ ದ ಪವರ್ ಬಟನ್ಸ್ ಡು ಎಂಬಲ್ಲಿ ಹೋಗಿ ಟಿಕ್ ತೆಗೆಯಿರಿ. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಮೂಲಕ ಹೈಬರ್ನೇಷನ್ನನ್ನೇ ಆಫ್ ಮಾಡಿದರೆ ಎರಡು ಲಾಭ: ಫಾಸ್ಟ್ ಸ್ಟಾರ್ಟಪ್ ಹೋಗುತ್ತದೆ, ಡಿಸ್ಕ್ ಕುಗ್ಗಿಸಲು ಅಡ್ಡ ಬರುವ ಹೈಬರ್ನೇಷನ್ ಫೈಲೂ ಅಳಿಯುತ್ತದೆ.

ಆಮೇಲೆ ಡಿಸ್ಕಿನ ಆರೋಗ್ಯ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ, ಉಬುಂಟುವಿನಲ್ಲಿ ಡಿಸ್ಕ್ಸ್ ಆ್ಯಪ್‌ನ ಸ್ಮಾರ್ಟ್ ಡೇಟಾ (ಡಿಸ್ಕ್ ತಾನೇ ಬರೆದಿಡುವ ಆರೋಗ್ಯದ ಅಂಕಿಗಳು) ನೋಡಿ. ಹಾರ್ಡ್ ಡಿಸ್ಕ್ ಆದರೆ ರೀಅಲೊಕೇಟೆಡ್ ಸೆಕ್ಟರ್ ಮತ್ತು ಪೆಂಡಿಂಗ್ ಸೆಕ್ಟರ್ ಎಣಿಕೆ, ಎನ್‌ವಿಎಂಇ ಆದರೆ ಮೀಡಿಯಾ ಎರರ್ ಎಣಿಕೆ. ಪೆಂಡಿಂಗ್ ಸೆಕ್ಟರ್ ಸೊನ್ನೆಗಿಂತ ಹೆಚ್ಚಿದ್ದರೆ ಪಾರ್ಟಿಷನ್ ಯೋಚನೆ ಬಿಟ್ಟು ಬ್ಯಾಕಪ್ ಮಾತ್ರ ತೆಗೆಯಿರಿ, ಹೊಸ ಡಿಸ್ಕ್ ಕೊಳ್ಳಿ. ಸಾಯುತ್ತಿರುವ ಡಿಸ್ಕಿನ ಮೇಲೆ ನೂರಾರು ಜಿಬಿ ಓದಿ ಬರೆಯಿಸುವುದೇ ಅದಕ್ಕೆ ಕೊನೆಯ ಪೆಟ್ಟು. ಡಿಸ್ಕ್ ಚೆನ್ನಾಗಿದ್ದರೆ ಸಿ ಡ್ರೈವ್‌ನ ಪ್ರಾಪರ್ಟೀಸ್, ಟೂಲ್ಸ್‌ನಿಂದ ಒಮ್ಮೆ ಎರರ್ ಚೆಕ್ ಓಡಿಸಿ ರೀಸ್ಟಾರ್ಟ್ ಮಾಡಿ.

ಬ್ಯಾಕಪ್: ಎರಡು ಬಗೆ, ಎರಡೂ ಬೇಕು

ಮೊದಲನೆಯದು ಫೈಲುಗಳ ನೇರ ಪ್ರತಿ. ಫೋಟೊ, ದಾಖಲೆ, ಟ್ಯಾಲಿ ಡೇಟಾ ಫೋಲ್ಡರ್, ಬ್ರೌಸರ್ ಬುಕ್‌ಮಾರ್ಕ್‌ಗಳನ್ನು ಬಾಹ್ಯ ಡಿಸ್ಕಿಗೆ ಹಾಕಿ. ಯುನಿಕೋಡ್ ಬರುವ ಮುಂಚೆ ನುಡಿ, ಬರಹಗಳಲ್ಲಿ ಟೈಪ್ ಮಾಡಿದ ಹಳೆಯ ಕಡತಗಳಿದ್ದರೆ ಅವುಗಳ ಫಾಂಟ್‌ಗಳನ್ನೂ ಜೊತೆಗೆ ಇಡಿ. ಫಾಂಟ್ ಇಲ್ಲದೆ ಆ ಕಡತ ತೆರೆದರೆ ಕಾಣುವುದು ಕಲಸುಮೇಲೋಗರ ಅಕ್ಷರ. ಲಿನಕ್ಸ್ ಹೋಮ್ ಫೋಲ್ಡರನ್ನು ಎಕ್ಸ್‌ಫ್ಯಾಟ್ ಡಿಸ್ಕಿಗೆ ಹಾಗೇ ಎಳೆದು ಹಾಕಿದರೆ ಫೈಲಿನ ಒಡೆತನ, ಅನುಮತಿ, ಸಿಂಬಾಲಿಕ್ ಲಿಂಕ್‌ಗಳು ಕಳೆದುಹೋಗುತ್ತವೆ. ಟಾರ್ ಕಡತವಾಗಿ ಕಟ್ಟಿ ಹಾಕಿ.

ಎರಡನೆಯದು ಇಡೀ ಡಿಸ್ಕಿನ ಇಮೇಜ್. ಎರಡೂ ವ್ಯವಸ್ಥೆ ಬೂಟ್ ಆಗದಂತಾದ ದಿನ ಎಲ್ಲವನ್ನೂ ಇದ್ದ ಹಾಗೇ ಮರಳಿಸುವುದು ಇದೊಂದೇ. ಟೈಮ್‌ಶಿಫ್ಟ್ ಇದೆಯಲ್ಲ ಎನ್ನುವವರಿಗೆ: ಅದು ಉಬುಂಟುವಿನ ಸಿಸ್ಟಂ ಫೈಲುಗಳ ಸ್ನ್ಯಾಪ್‌ಶಾಟ್, ಅದೂ ಸಾಮಾನ್ಯವಾಗಿ ಅದೇ ಡಿಸ್ಕಿನಲ್ಲಿ ಕೂತಿರುತ್ತದೆ. ಪಾರ್ಟಿಷನ್ ಹೋದರೆ ಅದೂ ಹೋಯಿತು.

ಇಮೇಜ್‌ಗೆ ಕ್ಲೋನ್‌ಜಿಲ್ಲಾ ಲೈವ್ ಸಾಕು, ಉಚಿತ. 190 ಜಿಬಿ ವಿಂಡೋಸ್, 38 ಜಿಬಿ ಉಬುಂಟು ಸೇರಿ 228 ಜಿಬಿ ಇದೆ ಎಂದರೆ ಬಾಹ್ಯ ಡಿಸ್ಕಿನಲ್ಲಿ ಅಷ್ಟೂ ಖಾಲಿ ಇರಲಿ. ಫೋಟೊ, ವಿಡಿಯೊಗಳು ಕಂಪ್ರೆಸ್ ಆಗುವುದು ಅತ್ಯಲ್ಪ, ಆದ್ದರಿಂದ ಅರ್ಧಕ್ಕೆ ಇಳಿಯುತ್ತದೆ ಎಂದು ಲೆಕ್ಕ ಹಾಕಬೇಡಿ. ಬಾಹ್ಯ ಡಿಸ್ಕ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿರಲಿ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಯುಎಸ್‌ಬಿ 3 ಪೋರ್ಟ್‌ನಲ್ಲಿ ಸೆಕೆಂಡಿಗೆ 100 ಎಂಬಿ ಹೋದರೆ 40 ನಿಮಿಷ, ಪರಿಶೀಲನೆಯೂ ಸೇರಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಹಳೆಯ ಯುಎಸ್‌ಬಿ 2 ಪೋರ್ಟ್ ಆದರೆ ಬರೆಯುವುದಕ್ಕೇ ಎರಡು ಗಂಟೆ ದಾಟುತ್ತದೆ.

1. ಕ್ಲೋನ್‌ಜಿಲ್ಲಾ ಐಎಸ್‌ಒ ಇಳಿಸಿ ರೂಫಸ್ ಎಂಬ ಪ್ರೋಗ್ರಾಂನಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಬ್ಯಾಕಪ್ ಡಿಸ್ಕನ್ನು ಆಗ ಯಂತ್ರಕ್ಕೆ ಸಿಕ್ಕಿಸಿಡಬೇಡಿ.
2. ವಿಂಡೋಸನ್ನು ಪೂರ್ತಿ ಮುಚ್ಚಿ. ಅನುಮಾನವಿದ್ದರೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ. ಬೂಟ್ ಮೆನುವಿನಿಂದ ಪೆನ್‌ಡ್ರೈವ್ ಆರಿಸಿ. ಕಂಪನಿಗೆ ತಕ್ಕಂತೆ ಕೀ ಎಫ್9, ಎಫ್12 ಅಥವಾ ಎಸ್ಕೇಪ್.
3. ಡಿವೈಸ್-ಇಮೇಜ್ ಆರಿಸಿ. ಡಿವೈಸ್-ಡಿವೈಸ್ ಎಂಬುದು ಒಂದು ಡಿಸ್ಕಿನ ಮೇಲೆ ಇನ್ನೊಂದನ್ನು ನೇರವಾಗಿ ಬರೆಯುತ್ತದೆ, ಬಾಹ್ಯ ಡಿಸ್ಕಿನಲ್ಲಿದ್ದ ಎಲ್ಲವೂ ಹೋಗುತ್ತದೆ.
4. ಲೋಕಲ್ ಡಿವೈಸ್ ಆರಿಸಿ, ಬಾಹ್ಯ ಡಿಸ್ಕನ್ನು ಸಿಕ್ಕಿಸಿ, ಪಟ್ಟಿಯಲ್ಲಿ ಕಾಣುವವರೆಗೆ ಕಾಯಿರಿ. ಇಮೇಜ್ ಇಡುವ ಜಾಗ ಎಂದು ಅದರ ಪಾರ್ಟಿಷನ್ನನ್ನು ತೋರಿಸಿ. ಹೆಸರಿಗಿಂತ ಅಳತೆ ನೋಡಿ ಗುರುತಿಸುವುದು ಭದ್ರ.
5. ಬಿಗಿನರ್ ಮೋಡ್, ಸೇವ್‌ಡಿಸ್ಕ್. ಇಮೇಜ್ ಹೆಸರಿನಲ್ಲಿ ದಿನಾಂಕ ಇರಲಿ. ಮೂಲ ಡಿಸ್ಕ್ ಆಗಿ ಒಳಗಿನ ಎಸ್‌ಎಸ್‌ಡಿ ಆರಿಸಿ.
6. ಉಳಿದ ಪ್ರಶ್ನೆಗಳಿಗೆ ಡಿಫಾಲ್ಟ್ ಉತ್ತರವೇ ಸಾಕು. ಸೇವ್ ಆದ ಇಮೇಜನ್ನು ಪರಿಶೀಲಿಸು ಎಂಬ ಆಯ್ಕೆಯನ್ನು ಮಾತ್ರ ಹೌದು ಎಂದೇ ಇಡಿ. ನಿದ್ದೆ ಬಂತೆಂದು ಇದನ್ನು ಬಿಡುವವರು ಬಹಳ.

ಎನ್‌ಟಿಎಫ್‌ಎಸ್ ಪಾರ್ಟಿಷನ್ ಬಳಿ ಬಂದು ದೋಷ ತೋರಿಸಿ ನಿಂತರೆ ಕಾರಣ ಹೆಚ್ಚಾಗಿ ಎರಡೇ: ಫಾಸ್ಟ್ ಸ್ಟಾರ್ಟಪ್ ಇನ್ನೂ ಆನ್ ಇದೆ, ಇಲ್ಲವೇ ವಿಂಡೋಸ್ ಒಂದು ಡಿಸ್ಕ್ ಚೆಕ್ ಬಾಕಿ ಇಟ್ಟುಕೊಂಡಿದೆ. ವಿಂಡೋಸ್‌ಗೆ ಮರಳಿ ಚೆಕ್ ಮುಗಿಸಿ, ಪೂರ್ತಿ ಮುಚ್ಚಿ, ಮತ್ತೆ ಬನ್ನಿ.

ಇಮೇಜ್ ಮರಳಿಸುವಾಗಿನ ಒಂದು ನಿಯಮ ಈಗಲೇ ತಿಳಿದಿರಲಿ: ಗುರಿ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. 512 ಜಿಬಿ ಡಿಸ್ಕಿನ ಇಮೇಜನ್ನು 480 ಜಿಬಿ ಡಿಸ್ಕಿಗೆ ಇಳಿಸಲು ಕ್ಲೋನ್‌ಜಿಲ್ಲಾ ಒಪ್ಪದು, ಒಳಗೆ ತುಂಬಿರುವುದು ಐವತ್ತೇ ಜಿಬಿ ಆಗಿದ್ದರೂ.

ಸಿ ಡ್ರೈವ್ ಕುಗ್ಗಿಸುವುದು

ಎನ್‌ಟಿಎಫ್‌ಎಸ್ ಅನ್ನು ವಿಂಡೋಸ್‌ನಿಂದ, ಇಎಕ್ಸ್‌ಟಿ4 ಅನ್ನು ಜಿಪಾರ್ಟೆಡ್‌ನಿಂದ ಮುಟ್ಟುವುದು ಒಳ್ಳೆಯ ನಿಯಮ. ಜಿಪಾರ್ಟೆಡ್‌ಗೆ ಎನ್‌ಟಿಎಫ್‌ಎಸ್ ಬಾರದು ಅಂತಲ್ಲ, ಚೆನ್ನಾಗಿಯೇ ಬರುತ್ತದೆ. ಆದರೆ ತನ್ನ ಫೈಲ್ ಸಿಸ್ಟಂ ಬಗ್ಗೆ ವಿಂಡೋಸ್‌ಗೆ ಇರುವ ಮಾಹಿತಿ ಹೆಚ್ಚು, ಬಿಟ್‌ಲಾಕರ್ ತೊಡಕೂ ಇಲ್ಲ.

ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಎಷ್ಟು ತೆಗೆಯಬೇಕು ಎಂಬುದನ್ನು ಎಂಬಿಯಲ್ಲಿ ಕೇಳುತ್ತದೆ: 100 ಜಿಬಿಗೆ 102400. ಉಳಿಯುವ ಅಳತೆಯನ್ನಲ್ಲ, ತೆಗೆಯುವ ಅಳತೆಯನ್ನು ಬರೆಯಬೇಕು. 435ರಲ್ಲಿ 100 ಹೋಗಿ 335 ಉಳಿಯುತ್ತದೆ, 190 ತುಂಬಿರುವ ಡ್ರೈವ್‌ಗೆ ಅದು ಆರಾಮ. ವಿಂಡೋಸ್‌ಗೆ ಶೇಕಡಾ ಇಪ್ಪತ್ತಾದರೂ ಖಾಲಿ ಬಿಡಿ. ಇಲ್ಲದಿದ್ದರೆ ಮುಂದಿನ ದೊಡ್ಡ ಅಪ್‌ಡೇಟ್ ಬಂದಾಗ ಅದೂ ಜಾಗ ಸಾಲದೆಂದು ಕೂಗುತ್ತದೆ.

ಹಲವರು ಸಿಕ್ಕಿಬೀಳುವ ಜಾಗ ಈಗ ಬಂತು. ಡ್ರೈವ್‌ನಲ್ಲಿ 245 ಜಿಬಿ ಖಾಲಿ ಇದ್ದರೂ ವಿಂಡೋಸ್ ಹದಿನೈದೋ ಇಪ್ಪತ್ತೋ ಜಿಬಿಗಿಂತ ಹೆಚ್ಚು ತೆಗೆಯಲಾಗದು ಎನ್ನಬಹುದು. ಡ್ರೈವ್‌ನ ನಡುವಿನಲ್ಲೋ ಕೊನೆಯಲ್ಲೋ ಕದಲಿಸಲಾಗದ ಫೈಲು ಕೂತಿದೆ ಎಂದರ್ಥ. ಶಂಕಿತರು ನಾಲ್ವರು: ಹೈಬರ್ನೇಷನ್ ಫೈಲ್, ಪೇಜ್ ಫೈಲ್, ಸಿಸ್ಟಂ ರೀಸ್ಟೋರ್‌ನ ಪ್ರತಿಗಳು, ಎನ್‌ಟಿಎಫ್‌ಎಸ್‌ನ ಸ್ವಂತ ಎಂಎಫ್‌ಟಿ, ಅಂದರೆ ಎಲ್ಲ ಫೈಲುಗಳ ಪಟ್ಟಿ. ಯಾರೆಂದು ಊಹಿಸಬೇಕಿಲ್ಲ. ಈವೆಂಟ್ ವ್ಯೂವರ್‌ನ ಅಪ್ಲಿಕೇಷನ್ ಲಾಗ್‌ನಲ್ಲಿ 259 ಸಂಖ್ಯೆಯ ಈವೆಂಟ್ ಹುಡುಕಿ, ಅಡ್ಡ ನಿಂತ ಕೊನೆಯ ಫೈಲಿನ ಹೆಸರು ಅಲ್ಲಿರುತ್ತದೆ. ಹೈಬರ್ನೇಷನ್ ಆಗಲೇ ಹೋಗಿದೆ. ಪೇಜ್ ಫೈಲನ್ನು ಸಿಸ್ಟಂ ಪ್ರಾಪರ್ಟೀಸ್‌ನ ವರ್ಚುವಲ್ ಮೆಮೊರಿಯಲ್ಲಿ ತಾತ್ಕಾಲಿಕವಾಗಿ ಆಫ್ ಮಾಡಿ. ಸಿಸ್ಟಂ ಪ್ರೊಟೆಕ್ಷನ್ ಕೂಡ ಆಫ್ ಮಾಡಿ. ಹಳೆಯ ರೀಸ್ಟೋರ್ ಪಾಯಿಂಟ್‌ಗಳು ಅಳಿಯುತ್ತವೆ, ಪರವಾಗಿಲ್ಲ, ಇಮೇಜ್ ಕೈಯಲ್ಲಿದೆ. ರೀಸ್ಟಾರ್ಟ್ ಮಾಡಿ ಮತ್ತೆ ಶ್ರಿಂಕ್. ಎಂಎಫ್‌ಟಿಯೇ ಅಡ್ಡ ನಿಂತಿದ್ದರೆ ವಿಂಡೋಸ್‌ನಿಂದ ಆಗದು. ಆಗ ಮಾತ್ರ ಜಿಪಾರ್ಟೆಡ್‌ನಿಂದ ಕುಗ್ಗಿಸಿ (ಬಿಟ್‌ಲಾಕರ್ ಪೂರ್ತಿ ಬಿಚ್ಚಿರಬೇಕು), ಅದು ಎಂಎಫ್‌ಟಿಯನ್ನೂ ಸರಿಸಬಲ್ಲದು. ಮರಳಿ ವಿಂಡೋಸ್ ತೆರೆದಾಗ ಡಿಸ್ಕ್ ಚೆಕ್ ತಾನಾಗಿ ಓಡುತ್ತದೆ, ನಡುವೆ ನಿಲ್ಲಿಸಬೇಡಿ.

ಕೆಲಸವಾದ ಮೇಲೆ ಪೇಜ್ ಫೈಲ್, ಸಿಸ್ಟಂ ಪ್ರೊಟೆಕ್ಷನ್ ಎರಡನ್ನೂ ಮತ್ತೆ ಆನ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಆಫ್ ಆಗಿಯೇ ಇರಲಿ. ಎರಡು ವ್ಯವಸ್ಥೆ ಇರುವ ಯಂತ್ರದಲ್ಲಿ ಅದು ಉಳಿಸುವ ಕೆಲವು ಸೆಕೆಂಡಿಗಿಂತ ತರುವ ತಲೆನೋವು ದೊಡ್ಡದು.

ಖಾಲಿ ಜಾಗದಲ್ಲಿ ಹೊಸ ಹೋಮ್

ಉಬುಂಟುವಿನಲ್ಲಿ ಜಿಪಾರ್ಟೆಡ್ ಹಾಕಿಕೊಂಡು ತೆರೆಯಿರಿ. ಬಲಮೇಲೆ ಸರಿಯಾದ ಡಿಸ್ಕ್ ಆರಿಸಿದೆಯೇ ನೋಡಿ. ಅನ್‌ಅಲೊಕೇಟೆಡ್ 100 ಜಿಬಿ ಮೇಲೆ ರೈಟ್ ಕ್ಲಿಕ್ ಮಾಡಿ ನ್ಯೂ, ಇಎಕ್ಸ್‌ಟಿ4, ಲೇಬಲ್ ಕೊಡಿ, ಅಲೈನ್‌ಮೆಂಟ್ ಎಂಐಬಿ ಎಂದಿರುವುದನ್ನು ಹಾಗೇ ಬಿಡಿ. ಹಸಿರು ಟಿಕ್ ಒತ್ತುವವರೆಗೆ ಏನೂ ನಡೆಯುವುದಿಲ್ಲ. ಕೆಳಗಿನ ಪಟ್ಟಿಯಲ್ಲಿ ಬಾಕಿ ಇರುವ ಕೆಲಸವನ್ನು ಒಮ್ಮೆ ಓದಿ ಆಮೇಲೆ ಒತ್ತಿ. ಹೊಸ ಪಾರ್ಟಿಷನ್ ಡಿಸ್ಕಿನ ನಡುವೆ ಇದ್ದರೂ ಅದರ ಸಂಖ್ಯೆ ಕೊನೆಯದಾಗಿರುತ್ತದೆ. ಅದರಿಂದ ಯಾವ ತೊಂದರೆಯೂ ಇಲ್ಲ. ಕ್ರಮವಾಗಿರಲಿ ಎಂದು ಸಂಖ್ಯೆ ಬದಲಿಸಲು ಹೋದವರೇ ಬೂಟ್ ಕಳೆದುಕೊಳ್ಳುವುದು.

ಇಎಕ್ಸ್‌ಟಿ4 ಪಾರ್ಟಿಷನ್ನಿನ ಶೇಕಡಾ 5ರಷ್ಟನ್ನು ರೂಟ್ ಬಳಕೆದಾರನಿಗೆ (ವ್ಯವಸ್ಥೆಯ ನಿರ್ವಾಹಕನಿಗೆ) ಮೀಸಲಿಡುತ್ತದೆ. ಹೋಮ್‌ಗೆ ಅಷ್ಟು ಬೇಡ. ಟ್ಯೂನ್2ಎಫ್‌ಎಸ್ ಕಮಾಂಡಿಗೆ ಚಿಕ್ಕ ಎಂ ಆಯ್ಕೆ ಕೊಟ್ಟು ಶೇಕಡಾ 1ಕ್ಕೆ ಇಳಿಸಿದರೆ ನಾಲ್ಕು ಜಿಬಿ ಉಳಿತಾಯ.

ಈಗ ಡಿಸ್ಕ್ಸ್ ಆ್ಯಪ್‌ನಲ್ಲಿ ಹೊಸ ಪಾರ್ಟಿಷನ್ನಿನ ಗೇರ್ ಚಿಹ್ನೆ ಒತ್ತಿ ಎಡಿಟ್ ಮೌಂಟ್ ಆಪ್ಷನ್ಸ್ ತೆರೆಯಿರಿ (ಮೌಂಟ್ ಅಂದರೆ ಪಾರ್ಟಿಷನ್ನನ್ನು ಒಂದು ಫೋಲ್ಡರಿಗೆ ಜೋಡಿಸುವುದು). ಯೂಸರ್ ಸೆಷನ್ ಡಿಫಾಲ್ಟ್ಸ್ ಆಫ್ ಮಾಡಿ, ಸಿಸ್ಟಂ ಶುರುವಾದಾಗ ಮೌಂಟ್ ಆಗಲಿ ಎಂಬುದಕ್ಕೆ ಟಿಕ್ ಹಾಕಿ, ಮೌಂಟ್ ಪಾಯಿಂಟ್ /ಹೋಮ್ ಕೊಡಿ (ಅಲ್ಲಿ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ), ಗುರುತಿಸುವ ಬಗೆ ಯುಯುಐಡಿ (ಪಾರ್ಟಿಷನ್ನಿನ ಗುರುತಿನ ಸಂಖ್ಯೆ) ಇರಲಿ. ಈ ಜೋಡಣೆಗಳನ್ನು ಬರೆದಿಡುವ ಎಫ್‌ಎಸ್‌ಟ್ಯಾಬ್ ಕಡತವನ್ನು ಕೈಯಾರೆ ತಿದ್ದುವುದಕ್ಕಿಂತ ಇದು ಮೇಲು. ಅಲ್ಲಿ ಒಂದು ಅಕ್ಷರ ತಪ್ಪಿದರೂ ಉಬುಂಟು ಎಮರ್ಜೆನ್ಸಿ ಮೋಡ್‌ಗೆ ಬಂದು ನಿಲ್ಲುತ್ತದೆ.

ಉಬುಂಟುವನ್ನು ಮತ್ತೆ ತೆರೆಯಬೇಡಿ. ಹೊಸ ಹೋಮ್ ಇನ್ನೂ ಖಾಲಿ, ಲಾಗಿನ್ ಸರಿಯಾಗಿ ಆಗುವುದಿಲ್ಲ. ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಬೂಟ್ ಮಾಡಿ, ಹಳೆಯ ರೂಟ್ ಮತ್ತು ಹೊಸ ಪಾರ್ಟಿಷನ್ ಎರಡನ್ನೂ ಮೌಂಟ್ ಮಾಡಿ, ನಿರ್ವಾಹಕನ ಅಧಿಕಾರ ಕೊಡುವ ಸುಡೊ ಹಚ್ಚಿ ಆರ್‌ಸಿಂಕ್ ಕಮಾಂಡಿನಿಂದ ನಕಲು ಮಾಡಿ. ಆಯ್ಕೆಗಳು ನಾಲ್ಕು: ಚಿಕ್ಕ ಎ, ದೊಡ್ಡ ಎಚ್, ದೊಡ್ಡ ಎ, ದೊಡ್ಡ ಎಕ್ಸ್. ಇವು ಒಡೆತನ, ಅನುಮತಿ, ಹಾರ್ಡ್ ಲಿಂಕ್ ಮುಂತಾದವನ್ನು ಕಾಯುತ್ತವೆ. ಮೂಲವಾಗಿ ಕೊಡುವ ಹೋಮ್ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಇರಲೇಬೇಕು, ಇಲ್ಲದಿದ್ದರೆ ಹೋಮ್ ಒಳಗೊಂದು ಹೋಮ್ ಹುಟ್ಟುತ್ತದೆ. ಸುಡೊ ಮರೆತರೆ, ಅಥವಾ ಫೈಲ್ ಮ್ಯಾನೇಜರಿನಲ್ಲಿ ಎಳೆದು ಹಾಕಿದರೆ, ಒಡೆತನ ಬದಲಾಗಿ ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಪರದೆಗೇ ಮರಳಿ ಬರುತ್ತೀರಿ.

ರೀಸ್ಟಾರ್ಟ್ ಮಾಡಿ ಉಬುಂಟು ತೆರೆಯಿರಿ. ಎಲ್ಲ ಇದೆಯೇ ನೋಡಿ, ಕೆಲವು ದಿನ ಬಳಸಿ. ಹಳೆಯ ಹೋಮ್‌ನ ಫೈಲುಗಳು ರೂಟ್ ಪಾರ್ಟಿಷನ್ನಿನಲ್ಲಿ ಹೊಸದರ ಅಡಿಯಲ್ಲಿ ಮುಚ್ಚಿಹೋಗಿವೆ, ಕಾಣುವುದಿಲ್ಲ, ಜಾಗ ಮಾತ್ರ ಹಿಡಿದಿರುತ್ತವೆ. ರೂಟ್ ಇನ್ನೂ ತುಂಬಿಯೇ ಇದೆಯಲ್ಲ ಎಂಬ ಗೊಂದಲಕ್ಕೆ ಇದೇ ಕಾರಣ. ಲೈವ್ ಪೆನ್‌ಡ್ರೈವ್‌ನಿಂದ ಮತ್ತೊಮ್ಮೆ ಬೂಟ್ ಮಾಡಿ ಅವನ್ನು ಅಳಿಸಿ. ಹೋಮ್ ಎಂಬ ಖಾಲಿ ಫೋಲ್ಡರ್ ಮಾತ್ರ ಅಲ್ಲೇ ಉಳಿಯಬೇಕು.

ರೂಟ್ ಪಾರ್ಟಿಷನ್ನೇ ದೊಡ್ಡದಾಗಬೇಕಾದರೆ

ಡಾಕರ್, ಫ್ಲ್ಯಾಟ್‌ಪ್ಯಾಕ್, ಡೇಟಾಬೇಸ್ ಬಳಸುವವರಿಗೆ ರೂಟ್ ತುಂಬುವುದು ಹೋಮ್‌ನಿಂದಲ್ಲ. ಅವರಿಗೆ ಎಡ ಅಂಚು ಸರಿಸದೆ ಗತ್ಯಂತರವಿಲ್ಲ. ಜಿಪಾರ್ಟೆಡ್ ಲೈವ್ ಅಥವಾ ಲಿನಕ್ಸ್ ಮಿಂಟ್‌ನ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಓಡುತ್ತಿರುವ ಉಬುಂಟು ತನ್ನ ರೂಟನ್ನು ತಾನೇ ಸರಿಸಲಾರದು. ಚಾರ್ಜರ್ ಸಿಕ್ಕಿಸಿಯೇ ಇರಲಿ, ಬ್ಯಾಟರಿ ಪೂರ್ತಿ ಇರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ಬೇಸಿಗೆ ಮಧ್ಯಾಹ್ನವಂತೂ ಬೇಡ. ಹತ್ತು ನಿಮಿಷ ಮಾತ್ರ ತಾಳುವ ಯುಪಿಎಸ್ ಹಾರ್ಡ್ ಡಿಸ್ಕಿನ ಗಂಟೆಗಟ್ಟಲೆ ನಕಲಿಗೆ ಸಾಲದು ಎಂಬುದೂ ಲೆಕ್ಕದಲ್ಲಿರಲಿ.

ರಿಕವರಿ ಪಾರ್ಟಿಷನ್ ಎಲ್ಲಿದೆ ಎಂಬುದನ್ನು ವಿಂಡೋಸ್ ತನ್ನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಸರಿಸುವ ಮೊದಲು ರೀಏಜೆಂಟ್‌ಸಿ ಎಂಬ ಕಮಾಂಡಿನಿಂದ ರಿಕವರಿಯನ್ನು ಡಿಸೇಬಲ್ ಮಾಡಿ, ಎಲ್ಲ ಮುಗಿದ ಮೇಲೆ ಎನೇಬಲ್ ಮಾಡಿ. ಅಂದಹಾಗೆ, 2024ರ ಜನವರಿಯಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್ ಬಹಳ ಯಂತ್ರಗಳಲ್ಲಿ ದೋಷ ತೋರಿಸಿ ನಿಂತದ್ದು ಈ ಪಾರ್ಟಿಷನ್ನಿನಲ್ಲಿ ಜಾಗ ಸಾಲದೆ. ಅದನ್ನು 250 ಎಂಬಿ ಹಿಗ್ಗಿಸಲು ಮೈಕ್ರೋಸಾಫ್ಟ್ ಆಗ ಸೂಚನೆ ಹೊರಡಿಸಿತ್ತು. ಹೇಗೂ ಕೈ ಹಾಕುತ್ತೀರಿ ಎಂದಮೇಲೆ ಅದಕ್ಕೂ 300 ಎಂಬಿ ಹೆಚ್ಚು ಕೊಟ್ಟುಬಿಡಿ.

ಜಿಪಾರ್ಟೆಡ್‌ನಲ್ಲಿ ಪಾರ್ಟಿಷನ್ ಪಕ್ಕ ಕೀ ಅಥವಾ ಬೀಗದ ಚಿಹ್ನೆ ಇದ್ದರೆ ಅದು ಬಳಕೆಯಲ್ಲಿದೆ. ರೈಟ್ ಕ್ಲಿಕ್ ಮಾಡಿ ಅನ್‌ಮೌಂಟ್ ಮಾಡಿ, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಜಾಗ) ಆದರೆ ಸ್ವಾಪ್‌ಆಫ್. ಆಮೇಲೆ ರಿಕವರಿಯನ್ನು ಎಡಕ್ಕೆ ತಳ್ಳಿ, ಉಬುಂಟುವಿನ ಎಡ ಹಿಡಿಯನ್ನು ಎಳೆದು ಖಾಲಿ ಜಾಗ ತುಂಬಿಸಿ. ಪಾರ್ಟಿಷನ್ ಸರಿಸಿದರೆ ವ್ಯವಸ್ಥೆ ಬೂಟ್ ಆಗದಿರಬಹುದು ಎಂಬ ಎಚ್ಚರಿಕೆ ಬರುತ್ತದೆ. ಒಪ್ಪಿ ಮುಂದುವರಿಯಿರಿ, ಅಪ್ಲೈ ಒತ್ತಿ. ಪ್ರಗತಿ ಪಟ್ಟಿ ನಿಂತಂತೆ ಕಂಡರೂ ಕ್ಯಾನ್ಸಲ್ ಒತ್ತಬೇಡಿ. ಎಸ್‌ಎಸ್‌ಡಿಯಲ್ಲಿ 40 ಜಿಬಿ ಕೆಲವೇ ನಿಮಿಷ. ಮುಗಿದ ಮೇಲೆ ವಿವರದ ಕಡತ ಸೇವ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ. ಏನಾದರೂ ಎಡವಟ್ಟಾದರೆ ಎಲ್ಲಿ ನಿಂತಿತು ಎಂದು ಹೇಳುವುದು ಅದೊಂದೇ.

ಅಳತೆ ಬದಲಿಸಿದರೂ ಸರಿಸಿದರೂ ಪಾರ್ಟಿಷನ್ನಿನ ಯುಯುಐಡಿ ಬದಲಾಗುವುದಿಲ್ಲ, ಹಾಗಾಗಿ ಉಬುಂಟು ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಸ್ವಾಪ್ ಪಾರ್ಟಿಷನ್ ಅಳಿಸಿ ಹೊಸದು ಮಾಡಿದ್ದರೆ ಮಾತ್ರ ಯುಯುಐಡಿ ಹೊಸದು. ಆಗ ಬೂಟ್ ಆಗುವಾಗ 90 ಸೆಕೆಂಡು ಸುಮ್ಮನೆ ಕಾದು ನಿಲ್ಲುವುದು ಕಂಡರೆ ಎಫ್‌ಎಸ್‌ಟ್ಯಾಬ್‌ನಲ್ಲಿ ಹಳೆಯ ಸಂಖ್ಯೆ ಉಳಿದಿದೆ ಎಂದು ತಿಳಿಯಿರಿ.

ಕೆಟ್ಟಾಗ

ಉಬುಂಟು ಕಾಣದೆ ನೇರ ವಿಂಡೋಸ್ ತೆರೆದರೆ ಗಾಬರಿ ಬೇಡ. ಫರ್ಮ್‌ವೇರ್‌ನ ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಮೇಲೆ ಬಂದಿದೆ ಅಷ್ಟೇ, ಉಬುಂಟುವನ್ನು ಮೇಲಕ್ಕೆ ತನ್ನಿ. ಗ್ರಬ್ ರೆಸ್ಕ್ಯೂ ಎಂಬ ಕಪ್ಪು ಪರದೆ ಬಂದರೆ ಉಬುಂಟುವಿನ ಬೂಟ್ ಲೋಡರ್ ಆದ ಗ್ರಬ್‌ಗೆ ತನ್ನ ಫೋಲ್ಡರ್ ಸಿಕ್ಕಿಲ್ಲ; ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಬೂಟ್-ರಿಪೇರ್ ಓಡಿಸುವುದು ಸುಲಭದ ದಾರಿ.

ವಿಂಡೋಸ್ ಯಾವುದೋ ಡ್ರೈವ್ ತೋರಿಸಿ ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ. ಅದು ಕೆಟ್ಟಿಲ್ಲ, ನಿಮ್ಮ ಲಿನಕ್ಸ್ ಪಾರ್ಟಿಷನ್ ವಿಂಡೋಸ್‌ಗೆ ಅರ್ಥವಾಗುತ್ತಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಡ್ರೈವ್ ಅಕ್ಷರ ತೆಗೆದುಹಾಕಿ.

ತಪ್ಪಿ ಪಾರ್ಟಿಷನ್ ಅಳಿಸಿದ್ದರೆ ಆ ಕ್ಷಣದಿಂದ ಡಿಸ್ಕಿಗೆ ಏನನ್ನೂ ಬರೆಯಬೇಡಿ. ಟೆಸ್ಟ್‌ಡಿಸ್ಕ್ ಹಳೆಯ ಅಂಚುಗಳನ್ನು ಹುಡುಕಿ ಪಟ್ಟಿಯನ್ನು ಮರಳಿ ಬರೆಯಬಲ್ಲದು. ಆದರೆ ಅಳಿಸಿದ ಮೇಲೆ ಫಾರ್ಮ್ಯಾಟ್ ಕೂಡ ಮಾಡಿದ್ದರೆ ಎಸ್‌ಎಸ್‌ಡಿಯಲ್ಲಿ ಆಸೆ ಕಡಿಮೆ. ಖಾಲಿ ಬ್ಲಾಕ್‌ಗಳನ್ನು ಒರೆಸಬಹುದು ಎಂದು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಆದೇಶ ಹೋಗಿ ಡೇಟಾ ನಿಜವಾಗಿಯೇ ಅಳಿದಿರುತ್ತದೆ. ಹಳೆಯ ಹಾರ್ಡ್ ಡಿಸ್ಕಿನ ಅನುಭವ ಇಲ್ಲಿ ನಂಬುವಂತಿಲ್ಲ. ಆಗ ಇಮೇಜ್‌ಗೆ ಮರಳಿ.

ಎಂಬಿಆರ್ (ಪಾರ್ಟಿಷನ್ ಪಟ್ಟಿಯ ಹಳೆಯ ಬಗೆ; ಹೊಸದು ಜಿಪಿಟಿ) ಡಿಸ್ಕ್ ಇರುವ ಹಳೆಯ ಯಂತ್ರಗಳಿಗೆ ಎರಡು ಮಾತು. ಅಲ್ಲಿ ಪ್ರೈಮರಿ ಪಾರ್ಟಿಷನ್ ನಾಲ್ಕೇ. ನಾಲ್ಕೂ ತುಂಬಿದ್ದರೆ ಖಾಲಿ ಜಾಗ ಇದ್ದರೂ ಹೊಸದು ಮಾಡಲಾಗದು. ಲಿನಕ್ಸ್ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಒಳಗಿದ್ದರೆ ಮೊದಲು ಹೊರಗಿನದ್ದನ್ನು ಹಿಗ್ಗಿಸಿ, ಆಮೇಲೆ ಒಳಗಿನದ್ದನ್ನು. ಇನ್ನು ವಿಂಡೋಸ್ ಪಾರ್ಟಿಷನ್ನಿನ ಎಡ ಅಂಚನ್ನು ಅಲ್ಲಿ ಎಂದಿಗೂ ಮುಟ್ಟಬೇಡಿ: ಎಂಬಿಆರ್‌ನಲ್ಲಿ ವಿಂಡೋಸಿನ ಬೂಟ್ ಪಟ್ಟಿ ಪಾರ್ಟಿಷನ್ನನ್ನು ಡಿಸ್ಕ್ ಸಿಗ್ನೇಚರ್ ಮತ್ತು ಶುರುವಾಗುವ ಜಾಗದಿಂದಲೇ ಗುರುತಿಸುತ್ತದೆ. ಜಾಗ ಸರಿದರೆ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್ ತಂದು ಬೂಟ್ ರಿಪೇರಿ ಮಾಡುವವರೆಗೆ ತೆರೆಯದು. ಜಿಪಿಟಿ ಡಿಸ್ಕಿನಲ್ಲಿ ಪ್ರತಿ ಪಾರ್ಟಿಷನ್ನಿಗೂ ಸ್ವಂತ ಗುರುತಿನ ಸಂಖ್ಯೆ ಇರುವುದರಿಂದ ಈ ಕಾಟವಿಲ್ಲ.

ಇಮೇಜ್ ಇರುವ ಬಾಹ್ಯ ಡಿಸ್ಕನ್ನು ಎರಡೂ ವ್ಯವಸ್ಥೆಗಳಲ್ಲಿ ಒಂದೊಂದು ಅಪ್‌ಡೇಟ್ ಸರಿಯಾಗಿ ಹಾದುಹೋಗುವವರೆಗೆ ಬೇರೆ ಕೆಲಸಕ್ಕೆ ತೆಗೆಯಬೇಡಿ. ಬಿಟ್‌ಲಾಕರ್ ಆಫ್ ಮಾಡಿದ್ದವರು ಅದನ್ನು ಮತ್ತೆ ಆನ್ ಮಾಡಿ, ಹೊಸ ರಿಕವರಿ ಕೀಯನ್ನು ಬರೆದುಕೊಳ್ಳಿ. ಹಳೆಯ ಕೀ ಇನ್ನು ಕೆಲಸಕ್ಕೆ ಬಾರದು.